ವಾಟ್ನಿಯಲ್ಲಿ ಬಿಟ್ಟುಹೋದ ಹೆಸರು

ಆ ಹೆಸರಿಗೆ ಒಟ್ಟು ಬಿದ್ದ ಖರ್ಚು ಏಳು ಸಾವಿರ ರೂಪಾಯಿ, ಮೇಲೆ ಸ್ವಲ್ಪ ಚಿಲ್ಲರೆ. ನೋಂದಣಿಯ ದರ, ನಾನು ಸರಕು ತರುವ ಮೇಲಿನ ಕಂಪನಿಯ ಪಾಲು, ವಕೀಲರ ಕಾಗದಪತ್ರ ಎಲ್ಲ ಅದರಲ್ಲೇ ಬಂತು. ನನ್ನ ಲಾಭವನ್ನು ಮಾತ್ರ ಅದರಲ್ಲಿ ಹುಡುಕಬೇಡಿ. ಶಿವಾಜಿನಗರದಿಂದ ಭೋಸರಿಗೆ, ಭೋಸರಿಯಿಂದ ಚಿಂಚವಾಡಕ್ಕೆ ತಿರುಗಿದ ರಿಕ್ಷಾ ಬಾಡಿಗೆಯಲ್ಲೇ ಅದು ಕರಗಿಹೋಯಿತು. ಅದೇ ವಾರ ಬೇರೊಬ್ಬ ಗಿರಾಕಿಗೆ ಅಂಥದೇ ಒಂದು ಹೆಸರನ್ನು ಅರ್ಧ ಖರ್ಚಿನಲ್ಲಿ ಮಾಡಿಸಿಕೊಟ್ಟಿದ್ದೆ. ಇದಕ್ಕೇ ಯಾಕೆ ಇಷ್ಟು ಬಿತ್ತು ಎಂದರೆ, ಹೆಸರು ಒಂದು, ಒಡೆಯರು ಇಬ್ಬರು. ಒಬ್ಬ ತಾಯಿಯ ಮಕ್ಕಳಾಗಿದ್ದೂ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯುತ್ತಿರಲಿಲ್ಲ. ಮಾತು ಬಿಟ್ಟವರ ನಡುವೆ ಮಾತು ಸಾಗಿಸುವುದು ತುಟ್ಟಿಯ ಕೆಲಸ. ಸೀರೆ ಗಂಟು ಹೊತ್ತವಳು ನಾನು, ಭಾರ ಅಂದರೇನು ಎಂದು ಬಲ್ಲೆ. ಇದು ಅದಕ್ಕಿಂತ ಭಾರವಿತ್ತು.

ನಾನು ಮಾರುತ್ತಿದ್ದದ್ದು ಇಂಟರ್ನೆಟ್ ವಿಳಾಸಗಳನ್ನು. ಡಾಟ್ ಕಾಮ್ ಎಂದು ಕೊನೆಯಾಗುತ್ತದಲ್ಲ, ಆ ಹೆಸರುಗಳನ್ನು. ಅದಕ್ಕೂ ಮೊದಲು ಇಳಕಲ್ ಸೀರೆ, ಗುಳೇದಗುಡ್ಡದ ಖಣ. ಮದುವೆಯಾಗಿ ಧಾರವಾಡದ ಕಡೆಯಿಂದ ಪುಣೆಗೆ ಬಂದಾಗ ನಮ್ಮ ಮನೆಯವರು ಶಿವಾಜಿನಗರದ ಒಂದು ಆಫೀಸಿನಲ್ಲಿ ಗುಮಾಸ್ತರು. ಅಲ್ಲೇ ಹಿಂದಿನ ಗಲ್ಲಿಯಲ್ಲಿ ಎರಡು ಖೋಲಿಯ ಮನೆ. ಊರಿನಿಂದ ಬರುವಾಗ ತಂದ ನಾಲ್ಕು ಸೀರೆಯನ್ನು ನೆರೆಯವರು ನೋಡಿ, ಮುಟ್ಟಿ, ಬೆಲೆ ಕೇಳಿದರು. ಬೆಲೆ ಕೇಳಿದವರನ್ನು ಬರಿಗೈಯಲ್ಲಿ ಕಳಿಸುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಹಾಗೆ ಶುರುವಾದದ್ದು ಹತ್ತು ವರ್ಷ ನಡೆಯಿತು.

ತೊಂಬತ್ತರ ದಶಕದ ಕೊನೆಗೆ ನಮ್ಮ ಕೆಳಗಿನ ಅಂಗಡಿಯಲ್ಲಿ ಸೈಬರ್ ಕೆಫೆ ಬಂತು. ಕೆಫೆಯವನ ಹೆಂಡತಿ ನನ್ನಲ್ಲಿ ಕಂತಿನ ಮೇಲೆ ಸೀರೆ ಒಯ್ದಿದ್ದಳು. ಕಂತು ವಸೂಲಿಗೆಂದು ಹೋಗಿ ಕೂತಾಗ ಅಲ್ಲಿಯ ವ್ಯಾಪಾರ ಕಂಡೆ. ಒಬ್ಬ ಮನುಷ್ಯ ಬಂದು ಒಂದು ಹೆಸರು ಬರೆದುಕೊಟ್ಟು ಸಾವಿರಾರು ರೂಪಾಯಿ ಎಣಿಸಿ ಹೋದ. ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಖುಷಿಯಿಂದ ಹೋದ. ಇಸ್ತ್ರಿ ಬೇಡ, ನುಸಿ ಗುಳಿಗೆ ಬೇಡ, ಮಡಿಕೆ ಕೆಡುವ ಭಯವಿಲ್ಲ. ಇಂಥ ಸರಕನ್ನು ನಾನು ಹುಡುಕುತ್ತಲೇ ಇದ್ದೆ ಅನ್ನಿಸಿತು.

ನಮ್ಮ ಮನೆಯವರಿಗೆ ಮಾತ್ರ ನಂಬಿಕೆ ಹುಟ್ಟಲಿಲ್ಲ. "ಸೀರಿ ಅಂದ್ರ ಮುಟ್ಟಿ ನೋಡ್ತಾರ. ಇದನ್ನ ಏನ್ ಮುಟ್ಟಿ ನೋಡ್ತಾರು?" ಎಂದರು.

"ನಿಮ್ಮನ್ನೂ ನಾ ಮುಟ್ಟಿ ನೋಡಿ ಒಪ್ಪಿಲ್ಲ. ಹೆಸರು ಕೇಳೇ ಒಪ್ಪೀನಿ" ಎಂದೆ. ಅವರು ನಕ್ಕು, ತಮ್ಮ ಸಾಹೇಬರ ಕಾರ್ಡಿನಿಂದ ಡಾಲರ್ ಕಟ್ಟಿಸಿಕೊಟ್ಟರು. ಆಗ ಡಾಲರಿನಲ್ಲಿ ನಡೆಯುವ ಕಾರ್ಡು ನಮ್ಮಂಥವರ ಕೈಗೆ ಎಲ್ಲಿ ಬರಬೇಕು?

ಮದುವೆ, ಬಾಡಿಗೆ ಮನೆ, ಊಟದ ಡಬ್ಬಿ, ಹೀಗೆ ಎಲ್ಲರ ಬಾಯಲ್ಲಿ ಓಡಾಡುವ ಮಾತುಗಳನ್ನು ಮರಾಠಿಯಲ್ಲಿ, ಕನ್ನಡದಲ್ಲಿ ಒಂದೊಂದಾಗಿ ಹಿಡಿದೆ. ಮೊದಲು ಮಾರಿದ್ದು ಒಂದು ಮಂಗಲ ಕಾರ್ಯಾಲಯದ, ಅಂದರೆ ಮದುವೆ ಛತ್ರದ ಮಾಲೀಕರಿಗೆ. ಅವರು ಮರಾಠಿಯಲ್ಲಿ "ಮೊದಲು ಮಾಲು ತೋರಿಸಿ ಬಾಯಿ" ಎಂದರು; ಅಲ್ಲಿ ಹೆಂಗಸರಿಗೆಲ್ಲ ಬಾಯಿ ಅನ್ನುವುದೇ. ಕೆಫೆಗೆ ಕರೆದುಕೊಂಡು ಹೋಗಿ ಹೆಸರು ಟೈಪು ಮಾಡಿಸಿದೆ. ಬಿಳಿ ಪುಟ ಬಂತು. "ಇದರಲ್ಲಿ ಏನೂ ಇಲ್ಲವಲ್ಲ" ಎಂದರು. "ಖಾಲಿ ಪ್ಲಾಟು ಸಾಹೇಬರೇ. ಖಾಲಿ ಇದ್ದರೆ ತಾನೇ ನೀವು ಕಟ್ಟಿಸೋದು? ಮನೆ ಇದ್ದ ಪ್ಲಾಟನ್ನು ಈ ರೇಟಿಗೆ ಕೊಡ್ತೀನಾ?" ಎಂದೆ. ಪ್ಲಾಟು ಎಂಬ ಮಾತು ಕೇಳಿದ ಕೂಡಲೇ ಪುಣೆಯ ಮನುಷ್ಯನ ಕಣ್ಣಲ್ಲಿ ಬೆಳಕು ಬರುತ್ತದೆ. ಎರಡು ಚಹಾದಲ್ಲಿ ವ್ಯಾಪಾರ ಮುಗಿಯಿತು.

ಒಂದು ನಿಯಮ ಮಾತ್ರ ಮೊದಲಿನಿಂದ ಇಟ್ಟುಕೊಂಡಿದ್ದೆ. ಮಂದಿಯ ಹೆಸರನ್ನು ಹಿಡಿದಿಟ್ಟು ಆ ಮಂದಿಗೇ ಮಾರಬಾರದು. ಮದುವೆ ಎಂಬ ಮಾತು ಎಲ್ಲರದು, ಮೊದಲು ಕಂಡವರು ತೆಗೆದುಕೊಂಡರೆ ತಪ್ಪಿಲ್ಲ. ಆದರೆ ಒಬ್ಬ ಮನುಷ್ಯ ಬೆವರಿಳಿಸಿ ಬೋರ್ಡಿನ ಮೇಲೆ ಬರೆಸಿದ ಹೆಸರು ಅವನದು. ಅದನ್ನು ಮುಂಚೆಯೇ ಬರೆಸಿಕೊಂಡು ಕೂತು, ಅವನು ಬಂದಾಗ ಒಂದಕ್ಕೆ ಹತ್ತು ಕೇಳುವ ದಲ್ಲಾಳಿಗಳು ಆಗ ಬಹಳ ಜನ ಇದ್ದರು. ನಾನು ದೇವರಂಥವಳೇನಲ್ಲ. ಗಿರಾಕಿಯನ್ನು ಒಮ್ಮೆ ಹಿಂಡಿದರೆ ಒಮ್ಮೆ ಹಾಲು. ಸಾಕಿಕೊಂಡರೆ ದಿನವೂ ಹಾಲು. ಅಷ್ಟೇ ಲೆಕ್ಕ.

ಎರಡು ಸಾವಿರದ ಐದರ ಹೊತ್ತಿಗೆ ನಮ್ಮ ದೇಶದ ಡಾಟ್ ಇನ್ ಎಲ್ಲರಿಗೂ ತೆರೆಯುತ್ತದೆ ಎಂದು ಗೊತ್ತಾಯಿತು. ಅದಕ್ಕೊಂದು ಕ್ರಮವಿತ್ತು. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಬೀಗರಿಗೆ ಇರುತ್ತದಲ್ಲ, ಹಾಗೆ ಮೊದಲ ಕೆಲವು ದಿನ ಟ್ರೇಡ್‌ಮಾರ್ಕ್ ಇದ್ದವರಿಗೆ ಮಾತ್ರ. ನಿಮ್ಮ ಹೆಸರು ನಿಮ್ಮದೆಂದು ಸರ್ಟಿಫಿಕೇಟ್ ತೋರಿಸಿ, ಕೂತು ಉಣ್ಣಿ. ಆ ಪಂಕ್ತಿ ಎದ್ದ ಮೇಲೆ ಬಾಗಿಲು ಬಯಲು. ಯಾರು ಮೊದಲು ನುಗ್ಗಿದರೋ ಅವರ ಎಲೆ. ನನ್ನ ಹಳೆಯ ಗಿರಾಕಿಗಳನ್ನೆಲ್ಲ ನೆನಪಿಸಿಕೊಂಡು, ಸರ್ಟಿಫಿಕೇಟ್ ಇದ್ದವರ ಮನೆಗೆ ಒಬ್ಬೊಬ್ಬರಾಗಿ ಹೋದೆ. ಹಾಗೆ ಹೋದದ್ದು ಭೋಸರಿಯ ಗಿರಣಿಯವರಲ್ಲಿಗೆ.

ಅವರು ಮಾಡುತ್ತಿದ್ದದ್ದು ಮನೆಗಿರಣಿ. ಅಡಿಗೆಮನೆಯ ಮೂಲೆಯಲ್ಲಿ ಇಟ್ಟುಕೊಂಡು ಜೋಳ, ಗೋಧಿ ಬೀಸಿಕೊಳ್ಳುವ ಸಣ್ಣ ಯಂತ್ರ. ಬೆಳಗಾವಿ ಕಡೆಯ ಕುಟುಂಬ. ತಂದೆ ಪಿಂಪ್ರಿಯ ಒಂದು ಕಾರಖಾನೆಯಲ್ಲಿ ಫಿಟ್ಟರ್ ಆಗಿದ್ದರಂತೆ. ಹೆಂಡತಿ ದಿನಾ ಜಗಳ ಮಾಡುತ್ತಿದ್ದಳು: ಓಣಿಯ ಗಿರಣಿಯವನು ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿಯುತ್ತಾನೆ, ರೊಟ್ಟಿ ಬಡಿದರೆ ಜಿಗಿ ಬಂದು ಕೈಗೆ ಅಂಟುತ್ತದೆ. ಆ ಪುಣ್ಯಾತ್ಮ ಜಗಳಕ್ಕೆ ಬೇಸತ್ತು, ಹಳೆಯ ಮೋಟಾರು ತಂದು ಅವಳಿಗೆಂದೇ ಒಂದು ಗಿರಣಿ ಕಟ್ಟಿದರು. ಜೋಳ ಸುರಿಯುವ ಡಬ್ಬದ ಮೇಲೆ ಕೆಂಪು ಬಣ್ಣದಲ್ಲಿ ಹೆಂಡತಿಯ ಹೆಸರು ಬರೆದರು. ನೆರೆಯವರು ಬಂದು ಕೇಳಿದ್ದು "ಆ ಬಾಯಿಯ ಹೆಸರಿಂದು ನಮಗೂ ಒಂದು ಮಾಡಿಕೊಡ್ರಿ" ಎಂದು. ಅಲ್ಲಿಂದ ಹೆಸರೇ ಸರಕಾಯಿತು. ತಂದೆ ಬದುಕಿರುವಾಗಲೇ ಇಬ್ಬರು ಗಂಡುಮಕ್ಕಳ ಹೆಸರಿನಲ್ಲಿ ಜಂಟಿಯಾಗಿ ಟ್ರೇಡ್‌ಮಾರ್ಕ್ ಮಾಡಿಸಿದ್ದರು. ಬುದ್ಧಿವಂತರು. ಅಷ್ಟು ಬುದ್ಧಿ ಮಕ್ಕಳಿಗೆ ಪೂರ್ತಿ ಬರಲಿಲ್ಲ.

ಆಸ್ತಿ ಹಂಚಿಕೊಳ್ಳುವುದಕ್ಕೆ ನಮ್ಮ ಕಡೆ ವಾಟ್ನಿ ಅನ್ನುತ್ತಾರೆ. ಅದಕ್ಕೊಂದು ರೂಢಿ ಉಂಟು: ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಆರಿಸುವವನು ತಮ್ಮನಾದ್ದರಿಂದ ಅಣ್ಣ ಸರಿಯಾಗಿಯೇ ಕತ್ತರಿಸುತ್ತಾನೆ. ಇವರದೂ ಹಾಗೇ ಆಗಿತ್ತು. ಭೋಸರಿಯ ಶೆಡ್ಡು, ಲೇಥು, ಡ್ರಿಲ್ಲು ಒಂದು ಕಡೆ. ಚಿಂಚವಾಡದ ಅಂಗಡಿ, ರಿಪೇರಿಯ ಗಿರಾಕಿಗಳು ಇನ್ನೊಂದು ಕಡೆ. ತಮ್ಮ ಅಂಗಡಿ ಆರಿಸಿದ. ಹಿತ್ತಾಳೆ ಹಂಡೆಯಿಂದ ಹಿಡಿದು ಒಳಕಲ್ಲಿನವರೆಗೆ ಎಲ್ಲ ಬರೆದರು. ಹೆಸರೊಂದನ್ನು ಬರೆಯಲಿಲ್ಲ.

"ಯಾಕ ಬರೀಲಿಲ್ರಿ?" ಎಂದು ಅಣ್ಣನನ್ನು ಕೇಳಿದೆ. ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತ, "ಅಕ್ಕಾರ, ಅವ್ವನ ಹೆಸರು ಪಾಲಿಗೆ ಹಾಕಾಕ ಬರತದೇನ್ರಿ? ನಾಲ್ಕ ಮಂದಿ ಹಿರ್ಯಾರು ಕೂತಿದ್ರು. ಯಾರೂ ಬಾಯಿ ಬಿಡಲಿಲ್ಲ" ಎಂದರು.

ಚಿಂಚವಾಡದಲ್ಲಿ ತಮ್ಮನನ್ನು ಕೇಳಿದರೆ ಅದೇ ಮಾತು. "ಅವ್ವನ ಹೆಸರಿಗೆ ಕಿಮ್ಮತ್ತು ಕಟ್ಟಿದ್ರ ಮಂದಿ ಏನ್ ಅಂತಿದ್ರು?" ಮರ್ಯಾದೆಗೆಂದು ಬಿಟ್ಟದ್ದು ಅದು. ಬಿಟ್ಟದ್ದೇ ಮುಳ್ಳಾಯಿತು. ತಮ್ಮ ಬೇರೆ ಕಂಪನಿಯ ಗಿರಣಿಗಳನ್ನೂ ಅಂಗಡಿಯಲ್ಲಿಟ್ಟ. "ಅವ್ವನ ಬೋರ್ಡಿನ ಕೆಳಗ ಮಂದಿ ಗಿರಣಿ ಮಾರ್ತಿ?" ಎಂದ ಅಣ್ಣ. "ನೀ ತಿಂಗಳಿಗೆ ನಾಲ್ಕ ಗಿರಣಿ ಕೊಟ್ರ ನಾ ಏನ್ ಗಾಳಿ ಮಾರ್ಲಿ?" ಎಂದ ತಮ್ಮ. ಮಾತು ನಿಂತಿತು.

ನಾನು ಪ್ರತಿಯೊಂದು ಹೆಸರನ್ನು ಮಾರುವ ಮೊದಲು ಅದರ ಡಾಟ್ ಕಾಮ್ ಯಾರ ಕೈಯಲ್ಲಿದೆ ಎಂದು ನೋಡುತ್ತೇನೆ. ಆ ತಾಯಿಯ ಹೆಸರಿನದು ಆಗಲೇ ಮುಂಬಯಿಯ ಒಬ್ಬ ದಲ್ಲಾಳಿಯ ಕೈಯಲ್ಲಿತ್ತು. ಫೋನ್ ಮಾಡಿದರೆ ಒಂದು ಲಕ್ಷ ಎಂದ. ಹೊರದೇಶದ ಪಂಚಾಯ್ತಿಗೆ ದೂರು ಕೊಡಬಹುದಿತ್ತು. ಆದರೆ ದೂರಿನ ಶುಲ್ಕವೇ ಸಾವಿರ ಡಾಲರಿಗೆ ಮೇಲೆ. ಈಗ ಡಾಟ್ ಇನ್ನಿನ ಮೊದಲ ಪಂಕ್ತಿಯಲ್ಲಿ ಅಣ್ಣತಮ್ಮಂದಿರು ಕೂಡದಿದ್ದರೆ, ಎರಡನೆಯ ಪಂಕ್ತಿಯಲ್ಲಿ ಇದೇ ಮನುಷ್ಯ ಕೂಡುತ್ತಾನೆ. ಆಮೇಲೆ ಹೆಸರು ಅಣ್ಣನಿಗೂ ಇಲ್ಲ, ತಮ್ಮನಿಗೂ ಇಲ್ಲ.

ಇದನ್ನು ಇಬ್ಬರಿಗೂ ಬೇರೆಬೇರೆಯಾಗಿ ಬಿಡಿಸಿ ಹೇಳಿದೆ. ಸರ್ಟಿಫಿಕೇಟಿನಲ್ಲಿ ಇಬ್ಬರ ಹೆಸರಿದ್ದ ಕಾರಣ ಇಬ್ಬರ ಸಹಿಯೂ ಬೇಕು ಎಂದೆ. ಸಹಿಗೆ ಇಬ್ಬರೂ ಒಪ್ಪಿದರು. ಆದರೆ ಹೆಸರಿಗೆ ಒಂದು ಕೀಲಿ ಇರುತ್ತದೆ: ಒಂದು ಇಮೇಲು, ಒಂದು ಪಾಸ್‌ವರ್ಡ್. ಅದು ಯಾರ ಕೈಯಲ್ಲಿರುತ್ತದೋ ಹೆಸರನ್ನು ಆಡಿಸುವವರು ಅವರೇ. ಅದು ಯಾರಿಗೆ ಎಂದು ಕೇಳಿದ ಕೂಡಲೇ ಇಬ್ಬರೂ ಬೆಂಕಿಯಾದರು. ಅಣ್ಣ ಅಂದರು, "ಹಿರ್ಯಾಂವ ನಾನು. ನನ್ನ ಕೈಯಾಗ ಕೊಡ್ರಿ, ನಿಮಗ ಮ್ಯಾಲೆ ಎರಡು ಸಾವಿರ ಕೊಡ್ತೀನಿ." ತಮ್ಮ ಅಂದರು, "ಅಣ್ಣಗ ಇಮೇಲು ತೆಗಿಯಾಕೂ ಬರೂದಿಲ್ಲ. ಅವರು ಎಷ್ಟ ಅಂದಾರ? ಅದರ ಮ್ಯಾಲೆ ಐದುನೂರು ಹಿಡೀರಿ."

ಹರಾಜಿಗೆ ನಿಲ್ಲಿಸಿದ್ದರೆ ಅವತ್ತು ನನಗೆ ಒಳ್ಳೆಯ ಪೈಸೆ ಆಗುತ್ತಿತ್ತು. ಆದರೆ ನಾನು ಅಲ್ಲಿಂದ ಸೀದಾ ಆ ತಾಯಿಯ ಹತ್ತಿರ ಹೋದೆ.

ಆಕೆಯನ್ನು ಮರೆಯುವುದು ಕಷ್ಟ. ಗಿಡ್ಡ ಆಳು, ಕಚ್ಚೆ ಸೀರೆ, ಬಾಯಲ್ಲಿ ಲವಂಗ. ಮಲಗುವುದು ಭೋಸರಿಯ ಹಿರಿಯ ಮಗನ ಮನೆಯಲ್ಲಿ, ಮನಸ್ಸು ಬಂದ ದಿನ ಸಿಟಿ ಬಸ್ಸು ಹತ್ತಿ ಚಿಂಚವಾಡದ ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ ಕೂಡುವುದು. "ವಾಟ್ನಿ ಆಗಿದ್ದು ಅವರದು. ನಂದು ಆಗಿಲ್ಲ. ನಾ ಎಲ್ಲಿ ಹಸಿವಾಗ್ತದ ಅಲ್ಲಿ ಉಣ್ಣಾಕಿ" ಅನ್ನುತ್ತಿದ್ದರು. ನನ್ನ ಹತ್ತಿರ ಸೀರೆ ಕೊಳ್ಳುವಾಗ ಸೆರಗನ್ನು ಬಿಸಿಲಿಗೆ ಹಿಡಿದು, ಇಲ್ಲದ ತೂತು ಹುಡುಕಿ, ಐವತ್ತು ರೂಪಾಯಿ ಇಳಿಸಿಯೇ ಏಳುತ್ತಿದ್ದವರು. ನನಗೆ ಚೌಕಾಸಿ ಕಲಿಸಿದವರು ಯಾರು ಎಂದು ಕೇಳಿದರೆ ಅವರನ್ನೇ ತೋರಿಸುತ್ತೇನೆ. ಕಲಿಸಿದ ಫೀ ಸೀರೆಯ ಬೆಲೆಯಲ್ಲಿ ಮುರಿದುಕೊಂಡಿದ್ದಾರೆ.

ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು, "ಅಂದ್ರ ತಂಗಿ, ನನ್ನ ಹೆಸರು ಮುಂಬೈದಾಗ ಯಾವನೋ ಇಟ್ಕೊಂಡು ಕೂತಾನ?" ಎಂದರು.

"ಹೌದ್ರಿ ಅವ್ವಾರ."

"ನನ್ನ ಗಂಡ ಸೈತ ನನ್ನ ಹೆಸರು ಹಿಡದು ಕರೀಲಿಲ್ಲ. ಇವಗ ಭಾಳ ಧೈರ್ಯ." ಲವಂಗ ಇನ್ನೊಂದು ದವಡೆಗೆ ಹೋಯಿತು. "ಇಬ್ಬರಿಗೂ ಹೇಳು, ಐತಾರ ನಾ ನಿನ್ನ ಮನ್ಯಾಗ ಉಣ್ಣಾಕ ಬರ್ತೀನಿ ಅಂತ. ಕರಕೊಂಡು ಹೋಗಾಕ ಬಾ ಅಂತ ಇಬ್ಬರಿಗೂ ಹೇಳು. ಬ್ಯಾರೆ ಬ್ಯಾರೆ ಹೇಳು."

ಭಾನುವಾರ ತಾಯಿ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದುಕೊಂಡು ಬಂದರು. ಸ್ವಲ್ಪ ಹೊತ್ತಿಗೆ ಅಣ್ಣ, ಹಿಂದೆಯೇ ತಮ್ಮ. ಒಬ್ಬರನ್ನೊಬ್ಬರು ನೋಡಿ ಬಾಗಿಲಲ್ಲೇ ನಿಂತರು. ಪಾಪ, ನಮ್ಮ ಮನೆಯವರು ಚಪ್ಪಲಿ ಬಿಡಿಸಿ ಒಳಗೆ ಕೂಡಿಸಿದರು. ಎರಡು ಖೋಲಿಯ ಮನೆ, ದೂರ ಕೂಡಲು ಜಾಗವಿಲ್ಲ. ಒಂದೇ ದಿವಾನದ ಎರಡು ತುದಿಗೆ ಕೂತರು. ನಡುವೆ ಹೋಳಿಗೆ ಡಬ್ಬಿ.

ನಾನು ನನ್ನ ಉಪಾಯ ಮುಂದಿಟ್ಟೆ. ಡಾಟ್ ಇನ್ ಜೊತೆಗೆ ಡಾಟ್ ಕೋ ಡಾಟ್ ಇನ್ ಎಂಬುದೂ ಇತ್ತು. ಎರಡು ಹೆಸರು, ಇಬ್ಬರು ಮಕ್ಕಳು. ರೂಢಿಯಂತೆ ಅಣ್ಣ ಪಾಲು ಮಾಡಲಿ, ತಮ್ಮ ಆರಿಸಲಿ. ಇಷ್ಟು ಚಂದದ ಲೆಕ್ಕ ನನ್ನಂತೆ ಹೆಸರು ಮಾರುವ ಬೇರೆ ಯಾವ ರಿಸೆಲ್ಲರಿಗೂ ಹೊಳೆಯಲಿಕ್ಕಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಅಣ್ಣ ನನ್ನನ್ನು ನೋಡಿ ಅಂದರು, "ಅಕ್ಕಾರ, ಅವರಿಗೆ ಹೇಳ್ರಿ. ಅವರಿಗೆ ಯಾವುದು ಬೇಕೋ ತಗೊಳ್ಳಲಿ."

ತಮ್ಮ ನನ್ನನ್ನೇ ನೋಡಿ ಅಂದರು, "ಅಕ್ಕಾರ, ಇದಕ್ಕ ಪಾಲು ಮಾಡೂದು ಅನ್ನೂದಿಲ್ಲ ಅಂತ ಅವರಿಗೆ ಹೇಳ್ರಿ. ಸಣ್ಣದು ಯಾವುದು, ದೊಡ್ಡದು ಯಾವುದು ಅವರಿಗೆ ಗೊತ್ತದ. ಕೋ ಡಾಟ್ ಇನ್ ಅಂದ್ರ ಹಿತ್ತಲ ಬಾಗಿಲು."

"ಹಂಗಾದ್ರ ಮುಂಬಾಗಿಲ ತಗೋ ಅಂತ ಹೇಳ್ರಿ. ಹಿತ್ತಲದಾಗ ಕುಂತು ಗಿರಣಿ ಮಾಡಾಕ ನಮಗ ರೂಢಿ ಅದ" ಎಂದರು ಅಣ್ಣ.

"ಹೇಳೂದು ಏನದ, ಅಲ್ಲೇ ಕೇಳಸ್ತದ ಅವರಿಗೆ" ಎಂದು ನಾನೇ ರೇಗಿದೆ.

ತಾಯಿ ಹೋಳಿಗೆಗೆ ತುಪ್ಪ ಹಾಕುತ್ತಿದ್ದರು. ತಲೆ ಎತ್ತದೆ ಕೇಳಿದರು, "ಅಲ್ಲ ತಂಗಿ, ಗಿರಣಿ ಕೊಂಡಾಕಿ ಒಬ್ಬಾಕಿ ಇರ್ತಾಳ. ಆಕಿ ಬೆಲ್ಟು ಹರೀತು. ಆಕಿ ಯಾವ ಬಾಗಿಲಕ್ಕ ಬರಬೇಕು?"

ನನ್ನ ಚಂದದ ಲೆಕ್ಕ ಅಲ್ಲಿಗೆ ಕುಸಿಯಿತು. ಗಿರಣಿ ಮಾಡುವವನ ಬಾಗಿಲಿಗೆ ಬಂದರೆ ಬೆಲ್ಟು ಇಲ್ಲ. ಬೆಲ್ಟು ಇದ್ದವನ ಬಾಗಿಲಿಗೆ ಬಂದರೆ ಅಲ್ಲಿ ಬೇರೆ ಕಂಪನಿಯ ಗಿರಣಿ ತೋರಿಸುತ್ತಾರೆ. ಹೆಸರನ್ನು ಕತ್ತರಿಸಿದರೆ ತುಂಡಾಗುವುದು ಗಿರಾಕಿ. ಇಷ್ಟು ವರ್ಷ ವ್ಯಾಪಾರ ಮಾಡಿದ ನನಗೆ ಅದು ಹೊಳೆದಿರಲಿಲ್ಲ.

"ಎರಡೂ ಹೆಸರು ಕೂಡಿ ತಗೋರಿ. ಎರಡೂ ಬಾಗಿಲ ಒಂದ ಮನಿಗೆ ಬರಲಿ. ಒಳಗ ಬಂದ ಮ್ಯಾಲೆ ಹೊಸಾದು ಬೇಕಾದಾಕಿ ಇವನ ಖೋಲಿಗೆ ಹೋಗ್ತಾಳ, ರಿಪೇರಿ ಬೇಕಾದಾಕಿ ಅವನ ಖೋಲಿಗೆ" ಎಂದರು ತಾಯಿ. "ಬರತದೋ ಇಲ್ಲೋ ನಿನ್ನ ಕಂಪ್ಯೂಟರದಾಗ?"

"ಬರತದ್ರಿ ಅವ್ವಾರ. ಆದ್ರ ಕೀಲಿ ಯಾರ ಕಡೆ?"

"ನನ್ನ ಕಡೆ."

ಅಣ್ಣ ನಕ್ಕುಬಿಟ್ಟರು. "ಅವ್ವಾ, ನಿನಗ ಕಂಪ್ಯೂಟರ್ ಎಲ್ಲಿ ಬರತದ?"

"ತಿಜೋರಿ ಕೀಲಿ ನಾಲ್ವತ್ತು ವರ್ಷ ನನ್ನ ಟೊಂಕದಾಗ ಇತ್ತು. ನನಗ ಲೆಕ್ಕಾ ಬರೀಲಿಕ್ಕೆ ಬರತಿತ್ತೇನು?"

ಆಕೆ ಮಾಡಿದ್ದು ಹೀಗೆ. ಮೂಲೆಯಲ್ಲಿದ್ದ ನನ್ನ ಕಂಪ್ಯೂಟರಿನಲ್ಲಿ ನನ್ನಿಂದ ತಮ್ಮದೇ ಹೆಸರಿಗೆ ಒಂದು ಇಮೇಲು ತೆರೆಸಿದರು. ಪಾಸ್‌ವರ್ಡಿಗೆ ಅಂಕಿ ಸಾಕೋ ಎಂದು ಕೇಳಿಕೊಂಡರು. ಆಮೇಲೆ ಹಿರಿಯ ಮಗನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಅರ್ಧ ಹೇಳಿದರು. ಅವರು ಬಂದು, ಲೇಥಿನ ಗುಂಡಿ ಒತ್ತುವವರ ಹಾಗೆ ಒಂದೇ ಬೆರಳಿನಿಂದ ಒತ್ತಿದರು. ನಾನು, ನಮ್ಮ ಮನೆಯವರು, ತಮ್ಮ ಮೂವರೂ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದೆವು. ಆಮೇಲೆ ತಮ್ಮನ ಸರದಿ. ಅವರು ಉಳಿದರ್ಧವನ್ನು ಟಪಟಪ ಬಡಿದು ಮುಗಿಸಿದರು. ಪೂರ್ತಿ ಕೀಲಿ ಗೊತ್ತಿದ್ದದ್ದು ತಾಯಿಗೆ ಮಾತ್ರ.

"ಅವ್ವಾರ, ಒಬ್ಬರು ತಮ್ಮ ಅರ್ಧ ಮರತ್ರ?" ಎಂದು ಕೇಳಿದೆ. ವ್ಯಾಪಾರಿಗೆ ಇಂಥ ಪ್ರಶ್ನೆ ಮೊದಲು ಬರುತ್ತದೆ.

"ಮರತಾಂವ ನನ್ನ ಕೇಳಾಕ ಬರ್ತಾನ. ಬರ್ಲಿ."

ಒಂದೇ ಸಲಕ್ಕೆ ಬಹಳ ವರ್ಷಕ್ಕೆ ಕಟ್ಟಿಬಿಡಿ, ಅಗ್ಗವಾಗುತ್ತದೆ ಎಂದೆ. ಅದರಲ್ಲಿ ನನಗೂ ನಾಲ್ಕು ಪೈಸೆ ಇತ್ತು. ಆಕೆ ಒಪ್ಪಲಿಲ್ಲ. "ಎಷ್ಟು ಕಮ್ಮಿ ವರ್ಷಕ್ಕ ಕೊಡ್ತಾರೋ ಅಷ್ಟಕ್ಕ ಕಟ್ಟು. ಮತ್ತ ಕಟ್ಟಾಕ ಇಬ್ಬರೂ ಕೂಡಿ ಬರ್ತಾರ." ತಮ್ಮನೂ ಹಣ ತೆಗೆದರು, ಅಣ್ಣನೂ ತೆಗೆದರು, ಅರ್ಧರ್ಧ ಎಂದು ಡಬ್ಬಿಯ ಮುಚ್ಚಳದ ಮೇಲೆ ಇಟ್ಟರು. ಮೊದಲ ಪಂಕ್ತಿ ಏಳುವ ಮೊದಲು ಎರಡೂ ಹೆಸರು ಆ ಮನೆಗೆ ಬಂದವು. ಆ ಸುದ್ದಿ ತಿಳಿಸಲು ಫೋನ್ ಮಾಡಿದಾಗ ತಾಯಿ ಕೇಳಿದ ಒಂದೇ ಮಾತು, "ಇಬ್ಬರಿಗೂ ಹೇಳಿದ್ಯಾ, ಒಬ್ಬರಿಗೇ ಹೇಳಿದ್ಯಾ?"

ಅಲ್ಲಿಂದ ಮುಂದೆ ನಮ್ಮ ಮನೆ ಅವರ ಚಾವಡಿಯಾಯಿತು. ಕೆಲಸಕ್ಕೆ ಇಟ್ಟ ಹೊಸ ಮನುಷ್ಯನಿಗೆ ಇಮೇಲು ಬೇಕು ಎಂದರೆ ತಮ್ಮನು ಅಣ್ಣನನ್ನು ಕರೆಯಬೇಕು. ಗಿರಣಿಯ ಹೊಸ ಮಾದರಿಯ ಚಿತ್ರ ಹಾಕಬೇಕೆಂದರೆ ಅಣ್ಣ ತಮ್ಮನನ್ನು ಕರೆಯಬೇಕು. ಮೊದಮೊದಲು "ಅವರಿಗೆ ಹೇಳ್ರಿ" ಎಂದೇ ನಡೆಯಿತು. ಒಮ್ಮೆ ನಾನು ಚಹಾ ಮಾಡಲು ಒಳಗೆ ಹೋಗಿದ್ದೆ. ಹೇಳಲು ಯಾರೂ ಇಲ್ಲದ ಕಾರಣ ಅಣ್ಣ ನೇರವಾಗಿ, "ಆ ಹಿಟ್ಟಿನ ಜಾಳಿಗಿ ಫೋಟೋ ಉಲ್ಟಾ ಬಂದದ ನೋಡೋ" ಎಂದದ್ದು ಕೇಳಿಸಿತು. "ಹೌದಲ್ಲ" ಎಂದರು ತಮ್ಮ. ಬೇಕೆಂದೇ ಚಹಾ ಇನ್ನಷ್ಟು ಕುದಿಸಿದೆ.

ಅವಧಿ ಮುಗಿದು ಮತ್ತೆ ಹಣ ಕಟ್ಟಲು ಇಬ್ಬರೂ ಬಂದ ದಿನ, ಅವರು ಕೂತಿರುವಾಗಲೇ ಮುಂಬಯಿ ದಲ್ಲಾಳಿಯ ಫೋನ್ ಬಂತು. ಡಾಟ್ ಇನ್ ಹೋದ ಮೇಲೆ ಅವನ ಡಾಟ್ ಕಾಮಿಗೆ ಇನ್ನು ಬೇರೆ ಗಿರಾಕಿ ಯಾರು? ಲಕ್ಷ ಹೋಗಿ ಮೂವತ್ತು ಸಾವಿರಕ್ಕೆ ಬಂದಿದ್ದ. ನಾನು ಸ್ಪೀಕರ್ ಒತ್ತಿ, ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡಿದೆ. ಮಾತು ನಾನು ಆಡುವವಳಿದ್ದೆ.

ಅವರು ಸುಮ್ಮನಿರಲಿಲ್ಲ. ಅಣ್ಣ ಹಿಂದಿಯಲ್ಲಿ ಶುರು ಮಾಡಿದರು: ಅದು ಕೊಳೆತ ಸರಕು, ನಮಗೆ ಬೇಡ, ಇಟ್ಟುಕೊಂಡು ಉಪ್ಪಿನಕಾಯಿ ಹಾಕಿಕೋ. ತಮ್ಮ ನಡುವೆ ಬಾಯಿ ಹಾಕಿ ಮೆತ್ತಗೆ ಹೇಳಿದರು: ಭಾಯಿಸಾಬ್, ನಮ್ಮಣ್ಣ ಸಿಟ್ಟಿನ ಮನುಷ್ಯ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನೀವು ಸರಿಯಾದ ಮಾತು ಹೇಳಿ, ನಾನು ಒಪ್ಪಿಸುತ್ತೇನೆ. ದಲ್ಲಾಳಿ ಇಪ್ಪತ್ತು ಎಂದ. ಅಣ್ಣ ಎದ್ದು ನಿಂತರು. ಬಾಗಿಲಿಗೆ ಹೋಗಿ ನಿಜವಾಗಿಯೂ ಚಪ್ಪಲಿ ಮೆಟ್ಟಿದರು. ಫೋನಿನ ಆ ಕಡೆಯವನಿಗೆ ಅದು ಕಾಣುವುದಿಲ್ಲ ಎಂಬುದು ಅವರ ನೆನಪಿಗೇ ಇಲ್ಲ. ತಮ್ಮನೂ ಅಷ್ಟೇ ನಿಜವಾಗಿ ಓಡಿಹೋಗಿ ಕೈ ಹಿಡಿದು, "ಅಣ್ಣಾ, ಕೂಡು, ನನ್ನ ಮಾತಿಗರೆ ಕೂಡು" ಎಂದು ಎಳೆದುತಂದರು. ಅಪ್ಪನ ಜೊತೆ ಜುನಾ ಬಜಾರಿನಲ್ಲಿ ಹಳೆ ಮೋಟಾರು ಕೊಳ್ಳುವಾಗ ಚಿಕ್ಕಂದಿನಲ್ಲೇ ಕಲಿತ ಆಟವಂತೆ ಅದು. ಒಬ್ಬ ಖಾರ, ಒಬ್ಬ ಬೆಲ್ಲ. ಎಷ್ಟೋ ವರ್ಷದಿಂದ ಆಡಿರಲಿಲ್ಲ. ಒಂದು ಮಾತೂ ತಪ್ಪಲಿಲ್ಲ.

ಐದು ಸಾವಿರಕ್ಕೆ ವ್ಯಾಪಾರ ಕುದುರಿತು. ನನ್ನ ಮನೆಯಲ್ಲಿ ನಡೆದ ವ್ಯಾಪಾರದಲ್ಲಿ ನಾನು ಬಾಯಿ ಬಿಡದೆ ಕೂತದ್ದು ಅದೊಂದೇ. ನಮ್ಮ ಮನೆಯವರು ಅದನ್ನು ಇವತ್ತಿಗೂ ಎತ್ತಿ ಆಡುತ್ತಾರೆ.

ತಾಯಿಗೆ ಫೋನ್ ಹಚ್ಚಿಕೊಟ್ಟೆ. "ಇಬ್ಬರೂ ಕೂಡಿ ಕೊಂಡ್ರೇನು?" ಎಂದು ಕೇಳಿದರು. "ಹೌದವ್ವಾ" ಎಂದರು ಇಬ್ಬರೂ.

"ಎಷ್ಟಕ್ಕ?"

"ಐದು ಸಾವಿರ."

"ತುಟ್ಟಿ ಆತು" ಎಂದು ಫೋನ್ ಇಟ್ಟರು.

ಇಬ್ಬರೂ ನಗುತ್ತ ಹೊರಟರು. ಅಣ್ಣನದು ಸ್ಕೂಟರಿತ್ತು, ತಮ್ಮ ಲೋಕಲ್ ರೈಲು ಹಿಡಿದು ಬಂದಿದ್ದರು. "ಹತ್ತು, ಚಿಂಚವಾಡಕ್ಕ ಬಿಡ್ತೀನಿ" ಎಂದದ್ದು ಕೇಳಿ ನಾನು ಬಾಗಿಲು ಹಾಕಿಕೊಂಡೆ. ಭೋಸರಿಗೆ ಹೋಗುವವನಿಗೆ ಅದು ಸುತ್ತು ದಾರಿ, ಪೆಟ್ರೋಲು ದಂಡ. ಅವರಿಗೆ ಅದನ್ನು ನಾನು ಹೇಳಲಿಲ್ಲ.

ನಿಮಗೆ ಹೇಳುವುದಿಷ್ಟು. ವಾಟ್ನಿಗೆ ಕೂಡುವ ದಿನ ಹಂಡೆ, ಒಳಕಲ್ಲು ಬರೆಯುವ ಮುಂಚೆ ಬೋರ್ಡಿನ ಹೆಸರನ್ನು ಬರೆಯಿರಿ. ಯಾರದು, ಯಾರು ಎಲ್ಲಿ ಬಳಸಬಹುದು, ಎರಡು ಸಾಲು ಸಾಕು. ತಾಯಿಯ ಹೆಸರೆಂದು ನಾಚಿಕೊಂಡು ಬಿಡಬೇಡಿ, ಆ ನಾಚಿಕೆಗೆ ಮುಂದೆ ವಕೀಲರು ಫೀ ಹಾಕುತ್ತಾರೆ. ಟ್ರೇಡ್‌ಮಾರ್ಕ್ ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ಡಾಟ್ ಆದ ಮೇಲೆ ಹೊಸ ಬಾಲ ಇರುವ ಹೆಸರು ಬಂದಾಗಲೆಲ್ಲ ರಿಸೆಲ್ಲರು ಬಂದು ಹೆದರಿಸುತ್ತಾರೆ, ನಾನೂ ಹೆದರಿಸಿದ್ದೇನೆ, ಎಲ್ಲವನ್ನೂ ಕೊಳ್ಳಬೇಡಿ. ನಿಮ್ಮ ಗಿರಾಕಿ ಯಾವುದನ್ನು ಬಡಿದು ಹುಡುಕುತ್ತಾಳೋ ಅದೊಂದೆರಡು ಸಾಕು. ವೆಬ್‌ಸೈಟು ಮಾಡಿಕೊಡುವವನು ತನ್ನ ಇಮೇಲಿನಲ್ಲಿ ನಿಮ್ಮ ಹೆಸರು ಬರೆಸಿಕೊಳ್ಳುತ್ತಾನೆ, ಕೇಳಿ ನೋಡಿ, ಆಗಲೇ ಬರೆಸಿಕೊಂಡಿದ್ದರೆ ಬಾಕಿ ಕೊಡುವ ಮುಂಚೆ ಬಿಡಿಸಿಕೊಳ್ಳಿ, ಕೊಟ್ಟ ಮೇಲೆ ಅವನು ಫೋನ್ ಎತ್ತುವುದಿಲ್ಲ. ಒಡೆಯರು ಇಬ್ಬರಿದ್ದರೆ ಕೀಲಿಯನ್ನು ಅರ್ಧರ್ಧ ಮಾಡಿ, ಪೂರ್ತಿ ಬಲ್ಲ ಮೂರನೆಯವರೊಬ್ಬರು ಇರಲಿ. ಮತ್ತು ದಲ್ಲಾಳಿ ಲಕ್ಷ ಎಂದರೆ ಹೆದರದೆ, ನಿಮ್ಮದೇ ಇನ್ನೊಂದು ಹೆಸರನ್ನು ಮೊದಲು ಗಟ್ಟಿ ಮಾಡಿಕೊಂಡು ಕಾಯಿರಿ. ಅವನಾಗಿ ಫೋನ್ ಮಾಡಿದಾಗ ಮನೆಯಲ್ಲಿ ಜಗಳ ಆಡಿದವರನ್ನೇ ಪಕ್ಕಕ್ಕೆ ಕೂಡಿಸಿಕೊಂಡು ಮಾತಾಡಿ.